ಬೇಸ್ ಗಿಟಾರ್‌ಗೆ ಹೊಸ ಪಿಕಪ್ ಬೇಕೇ? ಕೊಳ್ಳುವ ಮೊದಲು ದೋಷ ಹುಡುಕುವ ಕ್ರಮ

ತಂತಿಯ ಕಂಪನವನ್ನು ವಿದ್ಯುತ್ ಸಿಗ್ನಲ್ ಆಗಿಸುವ ಪಿಕಪ್ ಎಂದರೆ ಒಂದಷ್ಟು ಅಯಸ್ಕಾಂತ, ಅದರ ಸುತ್ತ ಸಾವಿರಾರು ಸುತ್ತು ಸುತ್ತಿದ ಕೂದಲೆಳೆಯಂಥ ತಾಮ್ರದ ವೈರ್ (ಕಾಯಿಲ್). ಸವೆಯುವ, ತಿರುಗುವ ಭಾಗ ಅದರಲ್ಲಿ ಒಂದೂ ಇಲ್ಲ. ಹಾಗಾಗಿ ಬೇಸ್‌ನ ಸದ್ದು ಕೆಟ್ಟಾಗ ಪಿಕಪ್ಪೇ ಕೆಟ್ಟಿರುವುದು ಕಡಿಮೆ. ಜೀವ ಹೋದ ತಂತಿ, ಸಡಿಲವಾದ ಜ್ಯಾಕ್, ಇಳಿದ ಬ್ಯಾಟರಿ, ತಪ್ಪು ಎತ್ತರ, ಬಿಟ್ಟುಹೋದ ಬೆಸುಗೆ ಇವೇ ಹೆಚ್ಚು ಸಲ ಸಿಗುವ ಕಾರಣಗಳು. ಇವನ್ನು ನೋಡದೆ ಪಿಕಪ್ ಕೊಂಡರೆ ಹಳೆಯ ತೊಂದರೆ ಹೊಸ ಪಿಕಪ್ಪಿನಲ್ಲೂ ಮುಂದುವರಿಯುತ್ತದೆ. ಕಿವಿಗೆ ಬೀಳುವ ಲಕ್ಷಣದಿಂದ ಹೊರಟು ಕಾರಣ ಹುಡುಕುವ ದಾರಿ ಇಲ್ಲಿದೆ. ಪಿಕಪ್ ಬದಲಿಸುವುದೇ ಸರಿ ಎಂದು ತೀರ್ಮಾನವಾದರೆ ಯಾವುದನ್ನು ಆರಿಸಬೇಕು ಎಂಬುದೂ ಆ ಲಕ್ಷಣದಿಂದಲೇ ತಿಳಿಯುತ್ತದೆ.

ಈ ಬರಹದಲ್ಲಿ ತಂತಿ ಎಂದರೆ ನುಡಿಸುವ ತಂತಿ. ಒಳಗಿನ ವಿದ್ಯುತ್ ತಂತಿಗೆಲ್ಲ ವೈರ್ ಎಂದೇ ಹೇಳಿದ್ದೇವೆ. ಬೇಕಾಗುವ ಸಲಕರಣೆ ಕಡಿಮೆ: ಡಿಜಿಟಲ್ ಮಲ್ಟಿಮೀಟರ್, ಚೆನ್ನಾಗಿದೆ ಎಂದು ಗೊತ್ತಿರುವ ಇನ್ನೊಂದು ಕೇಬಲ್, ಸಣ್ಣ ಸ್ಕ್ರೂಡ್ರೈವರ್, ಮಿಲಿಮೀಟರ್ ಗುರುತಿರುವ ಸ್ಟೀಲ್ ಸ್ಕೇಲ್. ಬೆಸುಗೆಯ ಕೆಲಸ ಬಂದರೆ 30ರಿಂದ 40 ವಾಟ್‌ನ ಸೋಲ್ಡರಿಂಗ್ ಐರನ್.

ತಂತಿ ಮುಟ್ಟಿದರೆ ಕೈ ಜುಮ್ಮೆನ್ನುತ್ತದೆ

ಉಳಿದ ಎಲ್ಲಕ್ಕಿಂತ ಮೊದಲು ಇದು. ತಂತಿ ಹಿಡಿದಾಗ, ಅಥವಾ ತಂತಿ ಹಿಡಿದುಕೊಂಡೇ ಮೈಕಿಗೆ ತುಟಿ ತಾಗಿದಾಗ ಜುಮ್ಮೆಂದರೆ ನುಡಿಸುವುದನ್ನು ಅಲ್ಲಿಗೇ ನಿಲ್ಲಿಸಿ. ಪ್ಲಗ್ಗನ್ನು ಗೋಡೆಯ ಸಾಕೆಟ್‌ನಿಂದ ಕಿತ್ತು, ಆಮೇಲೆ ಕೇಬಲ್ ತೆಗೆಯಿರಿ. ಇದು ಪಿಕಪ್ಪಿನ ದೋಷವಲ್ಲ. ಆಂಪ್‌ನಲ್ಲಿ (ಸದ್ದು ಜೋರು ಮಾಡುವ ಆಂಪ್ಲಿಫೈಯರ್) ವಿದ್ಯುತ್ ಸೋರಿಕೆ ಇರಬಹುದು, ಕಟ್ಟಡದ ಅರ್ಥಿಂಗ್ ಸರಿಯಿಲ್ಲದಿರಬಹುದು. ಎರಡರಲ್ಲಿ ಯಾವುದಾದರೂ ಜೀವಕ್ಕೇ ಅಪಾಯ. ಗುಂಯ್ ಸದ್ದು ತಪ್ಪಿಸಲು ಪ್ಲಗ್ಗಿನ ಅರ್ಥ್ ಪಿನ್ ಮುರಿಯುವುದು, ಅರ್ಥ್ ಇಲ್ಲದ ಎಕ್ಸ್‌ಟೆನ್ಶನ್ ಬಳಸುವುದು ಎಂದೂ ಬೇಡ. ಸಾಕೆಟ್ಟನ್ನು ಎಲೆಕ್ಟ್ರಿಷಿಯನ್, ಆಂಪನ್ನು ಅದರ ರಿಪೇರಿ ಬಲ್ಲವರು ನೋಡಬೇಕು. ವಾಲ್ವ್ ಆಂಪ್‌ನ ಒಳಗೆ ಪ್ಲಗ್ ತೆಗೆದ ಮೇಲೂ ನೂರಾರು ವೋಲ್ಟ್ ಉಳಿದಿರುತ್ತದೆ. ಅದನ್ನು ಬಿಚ್ಚುವ ಗೋಜಿಗೆ ಹೋಗಬೇಡಿ.

ಸದ್ದೇ ಇಲ್ಲ, ಇಲ್ಲವೇ ಬಂದು ಬಂದು ಹೋಗುತ್ತದೆ

ಮೊದಲು ಕೇಬಲ್ ಬದಲಿಸಿ. ನಂತರ ಅದೇ ಆಂಪ್‌ಗೆ ಬೇರೆ ಗಿಟಾರ್ ಹಾಕಿ ನೋಡಿ. ಇವೆರಡರಲ್ಲೇ ಎಷ್ಟೋ ಸಲ ಉತ್ತರ ಸಿಗುತ್ತದೆ.

ಬೇಸ್ ಆ್ಯಕ್ಟಿವ್ ಆಗಿದ್ದರೆ, ಅಂದರೆ ಒಳಗೆ ಬ್ಯಾಟರಿಯಿಂದ ನಡೆಯುವ ಸರ್ಕ್ಯೂಟ್ ಇದ್ದರೆ, ಬ್ಯಾಟರಿ ಅಳೆಯಿರಿ. ಹೊಸ 9 ವೋಲ್ಟ್ ಬ್ಯಾಟರಿ 9ಕ್ಕಿಂತ ತುಸು ಹೆಚ್ಚೇ ತೋರಿಸುತ್ತದೆ. 8ಕ್ಕಿಂತ ಕೆಳಗೆ ಇಳಿದಿದ್ದರೆ ಬದಲಿಸಿಯೇ ಮುಂದುವರಿಯಿರಿ. ಜೋರಾಗಿ ಬಾರಿಸಿದಾಗ ಮಾತ್ರ ಸದ್ದು ಒಡೆಯುವುದು, ಕ್ರಮೇಣ ಕ್ಷೀಣಿಸುವುದು ಇಳಿದ ಬ್ಯಾಟರಿಯ ಲಕ್ಷಣ. ಇಂಥ ಬೇಸ್‌ನಲ್ಲಿ ಕೇಬಲ್ ಚುಚ್ಚಿದೊಡನೆ ಬ್ಯಾಟರಿ ಚಾಲೂ ಆಗುತ್ತದೆ. ರಾತ್ರಿಯಿಡೀ ಕೇಬಲ್ ಹಾಗೇ ಬಿಟ್ಟರೆ ಬ್ಯಾಟರಿ ಇಳಿಯುತ್ತಲೇ ಇರುತ್ತದೆ.

ಕೇಬಲ್ ಅಲುಗಿಸಿದಾಗ ಕರಕರ ಎಂದು ಸದ್ದು ಬಂದು ಹೋದರೆ ಜ್ಯಾಕ್ ನೋಡಿ. ನಟ್ ಸಡಿಲವಾಗಿ ಜ್ಯಾಕ್ ತಿರುಗುತ್ತಿದ್ದರೆ ಒಳಗಿನ ವೈರ್ ತಿರುಚಿಕೊಂಡು ತುಂಡಾಗುತ್ತದೆ. ಆದ್ದರಿಂದ ಒಳಗಡೆ ಜ್ಯಾಕ್ ಹಿಡಿದುಕೊಂಡೇ ಹೊರಗಿನ ನಟ್ ಬಿಗಿ ಮಾಡಿ. ಪ್ಲಗ್ಗಿನ ತುದಿಗೆ ತಾಗುವ ಲೋಹದ ನಾಲಗೆ ಸಡಿಲವಾಗಿದ್ದರೆ ತುಸುವೇ ಒಳಕ್ಕೆ ಬಾಗಿಸಿ. ನಾಬ್ ತಿರುಗಿಸಿದಾಗ ಮಾತ್ರ ಕರಕರ ಎಂದರೆ ನಾಬ್ ಕೆಳಗಿನ ಪಾಟ್‌ನೊಳಗೆ (ರೋಧ ಹೆಚ್ಚುಕಡಿಮೆ ಮಾಡುವ ಭಾಗ) ಕೊಳೆ ಇದೆ. ಕಾಂಟ್ಯಾಕ್ಟ್ ಕ್ಲೀನರ್ ಒಂದು ಹನಿ ಬಿಟ್ಟು ಇಪ್ಪತ್ತು ಸಲ ತಿರುಗಿಸಿದರೆ ಸಾಮಾನ್ಯವಾಗಿ ಹೋಗುತ್ತದೆ.

ಇಷ್ಟಾದ ಮೇಲೂ ಸದ್ದಿಲ್ಲವೇ? ಆಂಪ್‌ನ ವಾಲ್ಯೂಮ್ ತಗ್ಗಿಸಿ, ಬೇಸ್‌ನ ವಾಲ್ಯೂಮ್ ಪೂರ್ತಿ ಏರಿಸಿ, ಸ್ಕ್ರೂಡ್ರೈವರ್ ತುದಿಯನ್ನು ಪಿಕಪ್ಪಿನ ಕಂಬಗಳಿಗೆ (ತಂತಿಗಳ ಕೆಳಗೆ ಕಾಣುವ ಲೋಹದ ತುದಿಗಳು) ಮೆಲ್ಲಗೆ ತಾಗಿಸಿ. ಸ್ಪಷ್ಟವಾಗಿ ‘ಟಕ್’ ಎಂದರೆ ಆ ಕಾಯಿಲ್ ಬದುಕಿದೆ.

ಈಗ ಮೀಟರ್. ಬೇಸ್ ಬಿಚ್ಚದೆಯೇ ಮಾಡಬಹುದಾದ ಅಳತೆಗಳಲ್ಲಿ ಇದರಷ್ಟು ಉಪಯುಕ್ತವಾದದ್ದು ಬೇರೆ ಇಲ್ಲ. ಇದು ಪ್ಯಾಸಿವ್, ಅಂದರೆ ಬ್ಯಾಟರಿ ಸರ್ಕ್ಯೂಟ್ ಇಲ್ಲದ ಬೇಸ್‌ಗೆ ಮಾತ್ರ. ಆ್ಯಕ್ಟಿವ್ ಸರ್ಕ್ಯೂಟ್ ಮೂಲಕ ಅಳೆದ ಅಂಕಿಗೆ ಅರ್ಥವಿಲ್ಲ. ಕೇಬಲ್ಲಿನ ಒಂದು ತುದಿಯನ್ನು ಬೇಸ್‌ಗೆ ಹಾಕಿ. ಇನ್ನೊಂದು ತುದಿಯಲ್ಲಿ ಪ್ಲಗ್ಗಿನ ಮೊನೆಗೆ ಒಂದು ಪ್ರೋಬ್, ಅದರ ಉದ್ದನೆಯ ತೋಳಿಗೆ ಇನ್ನೊಂದು ಪ್ರೋಬ್ ಹಿಡಿಯಿರಿ. ಬೆರಳು ಲೋಹಕ್ಕೆ ತಾಗದಿರಲಿ. ಮೀಟರ್ 20 ಕಿಲೋ ಓಮ್ ಶ್ರೇಣಿಯಲ್ಲಿರಲಿ.

ಪ್ರಿಸಿಷನ್, ಜ್ಯಾಜ್ ಎಂಬುವು ಫೆಂಡರ್ ಕಂಪನಿಯ ಎರಡು ಬೇಸ್ ಮಾದರಿಗಳು. ಪ್ರಿಸಿಷನ್ ಮಾದರಿಯ ಪಿಕಪ್ ಬಿಡಿಯಾಗಿ 10ರಿಂದ 12 ಕಿಲೋ ಓಮ್ ಇರುತ್ತದೆ. ಜ್ಯಾಜ್ ಮಾದರಿಯದು ಒಂದೊಂದೂ 7ರಿಂದ 8. ಕೇಬಲ್ ತುದಿಯಲ್ಲಿ ಅಳೆದಾಗ ವಾಲ್ಯೂಮ್ ಪಾಟ್ ಕೂಡ ಪಕ್ಕದಲ್ಲಿ ಜೋಡಣೆಯಾಗಿರುವುದರಿಂದ ಅಂಕಿ ಸ್ವಲ್ಪ ಕೆಳಗೆ ಬರುತ್ತದೆ: 11 ಇರುವುದು 250 ಕಿಲೋ ಓಮ್ ಪಾಟ್ ಜೊತೆಗೆ 10.5 ತೋರಿಸುತ್ತದೆ. 7.5 ಕಿಲೋ ಓಮ್‌ನ ಎರಡು ಪಿಕಪ್ಪುಗಳಿರುವ ಜ್ಯಾಜ್ ಬೇಸ್‌ನಲ್ಲಿ ಎರಡೂ ವಾಲ್ಯೂಮ್ ಪೂರ್ತಿ ತೆರೆದರೆ ಸುಮಾರು 3.6, ಒಂದನ್ನು ಪೂರ್ತಿ ಮುಚ್ಚಿದರೆ ಸುಮಾರು 7.1 ಬರಬೇಕು.

ಬಂದ ಅಂಕಿಯನ್ನು ಓದುವುದು ಹೀಗೆ. ಸೊನ್ನೆಯ ಹತ್ತಿರ ಬಂದರೆ ಎಲ್ಲೋ ಶಾರ್ಟ್ ಆಗಿದೆ; ಕೇಬಲ್ ಇರಬಹುದು, ಜ್ಯಾಕ್‌ನ ನಾಲಗೆ ಒಳಗೋಡೆಯ ತಗಡಿಗೆ ತಾಗಿರಬಹುದು, ವಾಲ್ಯೂಮ್ ನಾಬ್ ತೆರೆಯಲು ಮರೆತಿರಲೂಬಹುದು. 20 ಕಿಲೋ ಓಮ್ ಶ್ರೇಣಿ ಮೀರಿ ಹೋದರೆ ಕೂಡಲೇ ಪಿಕಪ್ ಸತ್ತಿದೆ ಎನ್ನಬೇಡಿ. ಶ್ರೇಣಿಯನ್ನು 2 ಮೆಗಾ ಓಮ್‌ಗೆ ಏರಿಸಿ. ಆಗ 250 ಅಥವಾ 125 ಕಿಲೋ ಓಮ್ ಆಸುಪಾಸು ಕಂಡರೆ ಮೀಟರ್ ನೋಡುತ್ತಿರುವುದು ಪಾಟ್ ಮಾತ್ರ. ಅಂದರೆ ಕೇಬಲ್, ಜ್ಯಾಕ್ ಸರಿಯಿವೆ; ಪಿಕಪ್ಪೋ ಅದರ ವೈರೋ ಬಿಟ್ಟುಹೋಗಿದೆ. ಅಲ್ಲೂ ಏನೂ ಕಾಣದಿದ್ದರೆ ಜ್ಯಾಕ್ ಅಥವಾ ಕೇಬಲ್ ತುಂಡಾಗಿದೆ.

ಅಂಕಿ ಇರಬೇಕಾದ್ದಕ್ಕಿಂತ ಬಹಳ ಕಡಿಮೆ ಇದ್ದು, ಉದಾಹರಣೆಗೆ 7.5ರ ಜಾಗದಲ್ಲಿ 5 ಬಂದು, ಸದ್ದೂ ಸೊರಗಿದ್ದರೆ ಕಾಯಿಲ್ ಒಳಗೇ ಸುತ್ತುಗಳು ಒಂದಕ್ಕೊಂದು ಶಾರ್ಟ್ ಆಗಿವೆ. ಆದರೆ 0.3ರಷ್ಟು ವ್ಯತ್ಯಾಸಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ತಾಮ್ರದ ರೋಧ 10 ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು ಶೇ. 4 ಏರುತ್ತದೆ. ತಂಪಿನಲ್ಲಿ 7.5 ಇದ್ದದ್ದು ಸೆಕೆಯಲ್ಲಿ 7.8 ಆಗುವುದು ಸಹಜ.

ಪಿಕಪ್ ಮೇಲೇ ಸಂಶಯ ಬಂದರೆ ಅದರ ಸಿಗ್ನಲ್ ವೈರನ್ನು ಪಾಟ್‌ನಿಂದ ಬಿಡಿಸಿ ನೇರವಾಗಿ ಅಳೆಯಿರಿ. ಆಗಲೂ ದಾರಿ ಮುರಿದಿದೆ ಎಂದರೆ ಪಿಕಪ್ಪಿನ ತಳ ನೋಡಿ. ದಪ್ಪ ವೈರ್, ಕಾಯಿಲ್‌ನ ತೆಳು ವೈರ್ ಎರಡೂ ಸೇರುವ ಸಣ್ಣ ಲೋಹದ ಕಣ್ಣು ಅಲ್ಲಿರುತ್ತದೆ. ಬೆವರು, ತೇವ ಸೇರಿ ಹಸಿರುಗಟ್ಟುವುದು, ಎಳೆದಾಗ ಕೀಳುವುದು ಹೆಚ್ಚಾಗಿ ಅಲ್ಲೇ. ಹಲವು ಪಿಕಪ್ಪುಗಳಲ್ಲಿ ಈ ತೆಳು ವೈರಿನ ತಾಮ್ರ ಕೇವಲ 0.063 ಮಿ.ಮೀ. ದಪ್ಪ, ಉಗುರು ತಗುಲಿದರೂ ಹರಿದೀತು. ಆ ಕಣ್ಣಿಗೆ ಬಿಸಿ ಐರನ್ನನ್ನು ಒಂದೆರಡು ಸೆಕೆಂಡು ಮುಟ್ಟಿಸಿ, ತುಸು ಹೊಸ ಸೋಲ್ಡರ್ ಕೊಟ್ಟರೆ ಕೆಲವೊಮ್ಮೆ ಪಿಕಪ್ ಮರಳಿ ಬರುತ್ತದೆ. ಬಾರದಿದ್ದರೆ ಮುರಿದದ್ದು ಸುತ್ತಿನ ಒಳಗೆ. ಮತ್ತೆ ಸುತ್ತಿಸಬೇಕು, ಇಲ್ಲವೇ ಬದಲಿಸಬೇಕು. ಹಳೆಯ ಬೇಸ್‌ನ ಮೂಲ ಪಿಕಪ್ ಆಗಿದ್ದರೆ ಈ ಬೆಸುಗೆಗೂ ಕೈಹಾಕದೆ ಅನುಭವಿಗಳಿಗೆ ಕೊಡಿ. ಮೂಲ ಭಾಗ ಉಳಿದಷ್ಟೂ ವಾದ್ಯದ ಬೆಲೆ ಉಳಿಯುತ್ತದೆ.

ಎರಡು ತಂತಿ ಚೆನ್ನಾಗಿವೆ, ಇನ್ನೆರಡು ಕ್ಷೀಣ

1957ರಿಂದ ಪ್ರಿಸಿಷನ್ ಬೇಸ್‌ನ ಪಿಕಪ್ ಎರಡು ತುಂಡಾಗಿದೆ: ಒಂದು ಇ, ಎ ತಂತಿಗಳಿಗೆ, ಇನ್ನೊಂದು ಡಿ, ಜಿ ತಂತಿಗಳಿಗೆ. ಎರಡೂ ಸರಣಿಯಲ್ಲಿ ಜೋಡಣೆಯಾಗಿರುತ್ತವೆ, ಸುತ್ತು ಮತ್ತು ಅಯಸ್ಕಾಂತ ವಿರುದ್ಧವಿದ್ದು ಗುಂಯ್ ಸದ್ದನ್ನು ಕಳೆಯುತ್ತವೆ. ಒಂದು ತುಂಡು ಶಾರ್ಟ್ ಆದರೆ ಅದರ ಎರಡು ತಂತಿಗಳು ಸೊರಗುತ್ತವೆ, ಮೀಟರ್ 5.5ರ ಹತ್ತಿರ ಅರ್ಧ ಅಂಕಿ ತೋರಿಸುತ್ತದೆ, ಗುಂಯ್ ಕೂಡ ಹುಟ್ಟಿಕೊಳ್ಳುತ್ತದೆ. ಮೂರೂ ಒಟ್ಟಿಗೆ ಕಂಡರೆ ರೋಗ ಖಚಿತ. ಒಂದು ತುಂಡು ಪೂರ್ತಿ ಮುರಿದರೆ ನಾಲ್ಕೂ ತಂತಿಗಳ ಸದ್ದು ಹೋಗುತ್ತದೆ, ಅಥವಾ ದೂರದ ರೇಡಿಯೊದಂತೆ ತೀರಾ ತೆಳ್ಳಗೆ ಕೇಳುತ್ತದೆ.

ಅಳತೆ ಸರಿಯಿದ್ದರೆ ಎತ್ತರ ನೋಡಿ. ಪಿಕಪ್ ಕೆಳಗಿನ ಸ್ಪಂಜು ವರ್ಷಗಳಲ್ಲಿ ಪುಡಿಯಾಗಿ ಒಂದು ಬದಿ ಕುಸಿದಿರುತ್ತದೆ. ಸ್ಪಂಜು ಹೊಸದು ಹಾಕಿದರೆ ಮುಗಿಯಿತು.

ಒಂದೇ ತಂತಿ ಕಡಿಮೆ ಕೇಳುತ್ತಿದ್ದರೆ ಮೊದಲು ತಂತಿ ಬದಲಿಸಿ, ಆಮೇಲೆ ಅದು ಕಂಬಗಳ ಮೇಲೆ ಎಲ್ಲಿ ಹಾಯುತ್ತದೆ ನೋಡಿ. ಪ್ರಿಸಿಷನ್, ಜ್ಯಾಜ್ ಮಾದರಿಗಳಲ್ಲಿ ಪ್ರತಿ ತಂತಿಗೆ ಎರಡು ಕಂಬ. ತಂತಿ ಅವೆರಡರ ನಡುವೆ ಬರಬೇಕು. ಐದು ತಂತಿಯ ಬೇಸ್‌ಗೆ ಅಂತರ ಹೊಂದದ ಪಿಕಪ್ ಹಾಕಿದಾಗ ಅಂಚಿನ ತಂತಿ ಕಂಬದಿಂದಾಚೆ ಬೀಳುತ್ತದೆ. ಇನ್ನೊಂದು ಸಂಗತಿ: ಅಕೌಸ್ಟಿಕ್ ಬೇಸ್‌ನ ಕಂಚಿನ ತಂತಿಗೆ ಅಯಸ್ಕಾಂತದ ಪಿಕಪ್ ಸರಿಯಾಗಿ ಸ್ಪಂದಿಸುವುದಿಲ್ಲ. ಅದು ಪಿಕಪ್ಪಿನ ತಪ್ಪಲ್ಲ.

ಗುಂಯ್ ಎನ್ನುತ್ತದೆ

ಬೇಸ್‌ನ ವಾಲ್ಯೂಮ್ ಸೊನ್ನೆಗೆ ಇಳಿಸಿ. ಆಗಲೂ ಗುಂಯ್ ಇದ್ದರೆ ಹುಡುಕಬೇಕಾದದ್ದು ಜ್ಯಾಕ್, ಕೇಬಲ್, ಆಂಪ್‌ನಲ್ಲಿ.

ವಾಲ್ಯೂಮ್ ಏರಿಸಿ ತಂತಿ ಮುಟ್ಟಿ. ಮುಟ್ಟಿದಾಗ ಸದ್ದು ತಗ್ಗಿದರೆ ಅರ್ಥ್ ವೈರ್ ಚೆನ್ನಾಗಿದೆ ಎಂದೇ ಲೆಕ್ಕ. ಏನೂ ಬದಲಾಗದಿದ್ದರೆ ಬ್ರಿಜ್‌ಗೆ (ಬೇಸ್‌ನ ಮೈಮೇಲೆ ತಂತಿಗಳು ಕೂರುವ ಲೋಹದ ಭಾಗ) ಹೋಗುವ ಅರ್ಥ್ ವೈರ್ ಬಿಟ್ಟಿರಬಹುದು. ಬ್ರಿಜ್‌ಗೂ ಜ್ಯಾಕ್‌ನ ತೋಳಿಗೂ ನಡುವೆ ಅಳೆದರೆ ಒಂದೆರಡು ಓಮ್‌ಗಿಂತ ಹೆಚ್ಚು ಬರಬಾರದು. ಇಎಂಜಿ ಕಂಪನಿಯ ಆ್ಯಕ್ಟಿವ್ ಪಿಕಪ್ಪುಗಳು ಇದಕ್ಕೆ ಹೊರತು, ಅವುಗಳ ಜೋಡಣೆಯಲ್ಲಿ ಆ ವೈರನ್ನು ಬೇಕೆಂದೇ ಬಿಟ್ಟಿರುತ್ತಾರೆ. ಮುಟ್ಟಿದಾಗ ಸದ್ದು ಹೆಚ್ಚಾದರೆ ಜ್ಯಾಕ್‌ನಲ್ಲಿ ಸಿಗ್ನಲ್, ಅರ್ಥ್ ವೈರ್‌ಗಳು ಅದಲುಬದಲಾಗಿವೆ.

ಬೇಸ್ ಹಿಡಿದು ನಿಂತಲ್ಲೇ ನಿಧಾನವಾಗಿ ತಿರುಗಿ. ದಿಕ್ಕು ಬದಲಾದಂತೆ ಗುಂಯ್ ಏರಿಳಿದರೆ ಅದು ಸುತ್ತಲಿನ ಟ್ರಾನ್ಸ್‌ಫಾರ್ಮರ್‌ಗಳಿಂದ ಕಾಯಿಲ್ ಎಳೆದುಕೊಳ್ಳುವ 50 ಅಥವಾ 60 ಹರ್ಟ್ಝ್ ಸದ್ದು. ಸಿಂಗಲ್ ಕಾಯಿಲ್ ಪಿಕಪ್ಪಿನ ಹುಟ್ಟುಗುಣವೇ ಅದು. ಜ್ಯಾಜ್ ಬೇಸ್‌ನಲ್ಲಿ ಎರಡೂ ವಾಲ್ಯೂಮ್ ಸಮನಾಗಿ ತೆರೆದಾಗ ಗುಂಯ್ ಅಡಗಿ, ಒಂದನ್ನು ತುಸು ಇಳಿಸಿದೊಡನೆ ಮರಳುವುದೂ ದೋಷವಲ್ಲ. ತಾಮ್ರದ ಅಂಟುಪಟ್ಟಿಯಿಂದ ಒಳಗೋಡೆ ಮುಚ್ಚಿದರೆ ಟ್ಯೂಬ್‌ಲೈಟ್, ಡಿಮ್ಮರ್‌ಗಳ ಕಿರಿಕಿರಿ ಝೇಂಕಾರ ತಗ್ಗುತ್ತದೆ, ಆದರೆ ಈ ಆಳದ ಗುಂಯ್ ತಗ್ಗುವುದಿಲ್ಲ. ಇದು ನಿಜಕ್ಕೂ ತೊಂದರೆ ಕೊಡುತ್ತಿದ್ದರೆ ಪಿಕಪ್ ಬದಲಿಸಲು ಇದೊಂದು ಸರಿಯಾದ ಕಾರಣ: ಜ್ಯಾಜ್ ಗಾತ್ರದಲ್ಲೇ ಎರಡು ಕಾಯಿಲ್ ಅಡಗಿಸಿದ ಗುಂಯ್ ಕಳೆಯುವ ಪಿಕಪ್ಪುಗಳು ಸಿಗುತ್ತವೆ. ಕಾಯಿಲ್‌ಗಳನ್ನು ಒಂದರ ಮೇಲೊಂದು ಇಟ್ಟ ಬಗೆ ಒಂದು, ಅಕ್ಕಪಕ್ಕ ಎರಡೆರಡು ತಂತಿಗೆ ಹಂಚಿದ ಬಗೆ ಇನ್ನೊಂದು.

ಪ್ರಿಸಿಷನ್ ಪಿಕಪ್ ಗುಂಯ್ ಎನ್ನಬಾರದು. ಅಳತೆ 11 ಸರಿಯಿದ್ದೂ ಗುಂಯ್ ಎಂದರೆ ಯಾರೋ ಒಂದು ತುಂಡಿನ ಎರಡು ವೈರ್‌ಗಳನ್ನು ತಿರುಗಿಸಿ ಬೆಸೆದಿದ್ದಾರೆ. ಒಂದೊಂದು ತಂತಿಯನ್ನು ತನ್ನ ತುಂಡೇ ಕೇಳಿಸಿಕೊಳ್ಳುವುದರಿಂದ ನುಡಿಸುವಾಗ ಇದು ಗೊತ್ತಾಗುವುದೇ ಇಲ್ಲ, ಗುಂಯ್ ಒಂದೇ ಸುಳಿವು.

ಎರಡೂ ಪಿಕಪ್ ಒಟ್ಟಿಗೆ ತೆರೆದರೆ ಸದ್ದು ತೆಳ್ಳಗಾಗುತ್ತದೆ

ಒಂದೊಂದೇ ತೆರೆದಾಗ ತುಂಬು ಸದ್ದು, ಎರಡೂ ಸೇರಿದರೆ ತಳವೇ ಮಾಯವಾಗಿ ಮೂಗಿನಿಂದ ಹಾಡಿದಂತೆ. ಎರಡು ಪಿಕಪ್ಪುಗಳ ಅಲೆಗಳು ಎದುರುಬದುರಾಗಿ ಒಂದನ್ನೊಂದು ತಿನ್ನುತ್ತಿವೆ. ಒಂದೇ ಪಿಕಪ್ ಬದಲಿಸಿದ ಬೇಸ್‌ಗಳಲ್ಲಿ ಇದು ಸಾಮಾನ್ಯ.

ಪರೀಕ್ಷೆ ಸುಲಭ. ಪಿಕಪ್ಪನ್ನು ಸರ್ಕ್ಯೂಟ್‌ನಿಂದ ಬಿಡಿಸಿ, ಮೀಟರನ್ನು 200 ಮಿಲಿವೋಲ್ಟ್ ಡಿಸಿಗೆ ಇಟ್ಟು, ಕೆಂಪು ಪ್ರೋಬ್ ಸಿಗ್ನಲ್ ವೈರ್‌ಗೆ, ಕಪ್ಪು ಅರ್ಥ್ ವೈರ್‌ಗೆ ಹಿಡಿಯಿರಿ. ಕಬ್ಬಿಣದ ಸ್ಕ್ರೂಡ್ರೈವರನ್ನು ಕಂಬಗಳ ಮೇಲೆ ಅಡ್ಡ ಇಟ್ಟು ಸರಕ್ಕನೆ ಮೇಲಕ್ಕೆಳೆಯಿರಿ. ಅಂಕಿ ಕ್ಷಣಕಾಲ ಹಾರುತ್ತದೆ. ಅದು ಧನವೋ ಋಣವೋ ಅಷ್ಟನ್ನೇ ಗುರುತು ಹಾಕಿಕೊಳ್ಳಿ. ಎರಡು ಪಿಕಪ್ಪುಗಳದ್ದೂ ಒಂದೇ ಚಿಹ್ನೆ ಬರಬೇಕು. ಬೇರೆ ಬಂದರೆ ಒಂದು ಪಿಕಪ್ಪಿನ ಎರಡು ವೈರ್ ಅದಲುಬದಲು ಮಾಡಿ. ಒಂದು ಎಚ್ಚರಿಕೆ: ಅರ್ಥ್ ವೈರ್ ಲೋಹದ ಮುಚ್ಚಳಕ್ಕೋ ತಳದ ತಗಡಿಗೋ ಬೆಸೆದಿದ್ದರೆ ಅದಲುಬದಲಾದ ಮೇಲೆ ಮುಚ್ಚಳವೇ ಸಿಗ್ನಲ್ ಆಗಿ, ಮುಟ್ಟಿದರೆ ಕಿರುಗುಟ್ಟುತ್ತದೆ. ಆ ಜೋಡಣೆಯನ್ನು ಮೊದಲು ಬೇರ್ಪಡಿಸಿ, ಮುಚ್ಚಳಕ್ಕೆ ಪ್ರತ್ಯೇಕ ಅರ್ಥ್ ವೈರ್ ಕೊಡಬೇಕು.

ಜೊತೆಗೆ ಅಯಸ್ಕಾಂತದ ಧ್ರುವವನ್ನೂ ನೋಡಿಬಿಡಿ. ಎರಡು ಪಿಕಪ್ಪುಗಳ ಮುಖಗಳನ್ನು ನಿಧಾನವಾಗಿ ಎದುರುಬದುರು ತಂದಾಗ ಸೆಳೆದರೆ ಧ್ರುವ ವಿರುದ್ಧ, ತಳ್ಳಿದರೆ ಒಂದೇ. ಚಿಹ್ನೆ ಒಂದೇ, ಧ್ರುವ ವಿರುದ್ಧ ಆಗಿದ್ದರೆ ಸದ್ದೂ ತುಂಬಿರುತ್ತದೆ, ಎರಡೂ ತೆರೆದಾಗ ಗುಂಯ್ ಕೂಡ ಇರುವುದಿಲ್ಲ. ಧ್ರುವ ಒಂದೇ ಆಗಿದ್ದರೆ ವೈರ್ ಹೇಗೆ ಬದಲಿಸಿದರೂ ಈ ಎರಡೂ ಒಟ್ಟಿಗೆ ದಕ್ಕುವುದಿಲ್ಲ. ಜ್ಯಾಜ್ ಬೇಸ್‌ಗೆ ಜೋಡಿಯಾಗಿಯೇ ಪಿಕಪ್ ಕೊಳ್ಳಿ ಎನ್ನುವುದು ಇದಕ್ಕೇ.

ಸ್ವರ ನಡುಗುತ್ತದೆ, ಜೋರು ಮಾಡಿದರೆ ಕಿರುಚುತ್ತದೆ

ಹನ್ನೆರಡನೇ ಫ್ರೆಟ್ ದಾಟಿದ ಮೇಲೆ ಇ ತಂತಿ ಎರಡು ಸ್ವರ ಹಿಡಿದಂತೆ ನಡುಗಿದರೆ, ಶ್ರುತಿ ನಿಲ್ಲದಿದ್ದರೆ, ಪಿಕಪ್ ತಂತಿಗೆ ತೀರಾ ಹತ್ತಿರವಿದ್ದು ಅಯಸ್ಕಾಂತ ಎಳೆಯುತ್ತಿದೆ. ತಂತಿಯನ್ನು ಕೊನೆಯ ಫ್ರೆಟ್‌ನಲ್ಲಿ ಒತ್ತಿಹಿಡಿದು ಅದರ ತಳದಿಂದ ಕಂಬದ ತಲೆಗೆ ಅಳೆಯಿರಿ: ದಪ್ಪ ತಂತಿಯ ಕಡೆ ಸುಮಾರು 3 ಮಿ.ಮೀ., ತೆಳು ತಂತಿಯ ಕಡೆ ಸುಮಾರು 2.5. ಅಲ್ಲಿಂದ ಸ್ಕ್ರೂ ಕಾಲು ಸುತ್ತು ತಿರುಗಿಸುತ್ತ ಕಿವಿಯಿಂದ ಕೇಳಿ.

ಆಂಪ್ ಜೋರು ಮಾಡಿದಾಗ ಕೀರಲು ಸದ್ದು ಎದ್ದು, ಪಿಕಪ್ಪಿನ ಪ್ಲಾಸ್ಟಿಕ್ ಮೇಲೆ ಬೆರಳು ಬಡಿದರೂ ಜೋರಾಗಿ ಕೇಳಿದರೆ ಕಾಯಿಲ್‌ನ ಸುತ್ತುಗಳು ಸಡಿಲವಾಗಿ ಅದುರುತ್ತಿವೆ. ಮೇಣದಲ್ಲಿ ಅದ್ದುವುದು ಇದಕ್ಕೆ ಪರಿಹಾರ. ಕರಗಿದ ಮೇಣ ಹೊತ್ತಿಕೊಳ್ಳುತ್ತದೆ, 65 ಡಿಗ್ರಿಗಿಂತ ಬಹಳ ಮೇಲೆ ಹೋದರೆ ವೈರ್ ಸುತ್ತಿರುವ ಪ್ಲಾಸ್ಟಿಕ್ ಬಾಬಿನ್ ಸೊಟ್ಟಗಾಗುತ್ತದೆ. ಮನೆಯ ಒಲೆಯ ಮೇಲೆ ಇದನ್ನು ಮಾಡಬೇಡಿ, ಪಿಕಪ್ ಸುತ್ತುವವರಿಗೆ ಕೊಡಿ.

ಎಲ್ಲ ಸರಿಯಿದೆ, ಆದರೆ ಸದ್ದು ಮಂಕು ಅಥವಾ ತೀರಾ ಚೂಪು

ಹೊಸ ತಂತಿ ಹಾಕಿ, ಆಂಪ್‌ನ ನಾಬ್‌ಗಳನ್ನೆಲ್ಲ ಮಧ್ಯಕ್ಕೆ ತಂದು, ಗಿಡ್ಡ ಕೇಬಲ್‌ನಲ್ಲಿ ಕೇಳಿ. ಪ್ಯಾಸಿವ್ ಬೇಸ್‌ನಲ್ಲಿ ಕೇಬಲ್ ಉದ್ದವಾದಷ್ಟೂ ಅದರ ಕೆಪಾಸಿಟೆನ್ಸ್ ಹೆಚ್ಚಿ ಮೇಲಿನ ಸ್ವರಗಳ ಹೊಳಪು ಹೋಗುತ್ತದೆ.

ನಂತರ ಪಾಟ್‌ಗಳ ಬೆನ್ನು ಓದಿ. ಪ್ಯಾಸಿವ್ ಪ್ರಿಸಿಷನ್, ಜ್ಯಾಜ್ ಬೇಸ್‌ಗಳಿಗೆ 250 ಕಿಲೋ ಓಮ್, ಟೋನ್‌ಗೆ 0.047 ಮೈಕ್ರೋಫ್ಯಾರಡ್ ಕೆಪಾಸಿಟರ್ ರೂಢಿ. ಪಾಟ್ 500 ಆದರೆ ಹೊಳಪು ಹೆಚ್ಚು. ಆ್ಯಕ್ಟಿವ್ ಪಿಕಪ್‌ನ 25 ಕಿಲೋ ಓಮ್ ಪಾಟ್‌ಗಳನ್ನು ಬಿಟ್ಟು ಅಲ್ಲಿಗೆ ಪ್ಯಾಸಿವ್ ಪಿಕಪ್ ಹಾಕಿದರೆ ಕಂಬಳಿ ಹೊದಿಸಿದಂಥ ಮಂಕು. ಅದರ ತಿರುವುಮುರುವಾದರೆ ವಾಲ್ಯೂಮ್ ನಾಬ್ ಸ್ವಿಚ್ಚಿನಂತೆ ತಟ್ಟನೆ ಏರಿಳಿಯುತ್ತದೆ. ಪಾಟ್ ಬೆಲೆ ಪಿಕಪ್ ಬೆಲೆಯ ಸಣ್ಣ ಪಾಲು, ಮೊದಲು ಅದನ್ನು ಸರಿಮಾಡಿ.

ಚೂಪು ಸದ್ದಿಗೆ ಪಿಕಪ್ ಇರುವ ಜಾಗವೂ ಕಾರಣ. ಬ್ರಿಜ್‌ಗೆ ಹತ್ತಿರವಿದ್ದಷ್ಟೂ ತಳ ಕಡಿಮೆ, ಗಡುಸು ಹೆಚ್ಚು. 1970ರ ದಶಕದಲ್ಲಿ ಜ್ಯಾಜ್ ಬೇಸ್‌ನ ಬ್ರಿಜ್ ಪಿಕಪ್ಪನ್ನು ಸುಮಾರು 10 ಮಿ.ಮೀ. ಹಿಂದಕ್ಕೆ ಸರಿಸಿದ್ದೇ ಸದ್ದು ಬದಲಿಸಿತು. ಆ ವ್ಯತ್ಯಾಸವನ್ನು ಪಿಕಪ್ ಬದಲಿಸಿ ಪಡೆಯಲಾಗದು.

ಕೊನೆಗೂ ಬದಲಿಸುವುದಾದರೆ

ಮೊದಲು ಪಿಕಪ್ ಕೂರುವ ಮರದ ಗುಂಡಿಯ ಅಳತೆ. ಜ್ಯಾಜ್‌ನ ನೆಕ್ ಪಿಕಪ್ (ಕತ್ತಿನ ಕಡೆಯದು) ಸುಮಾರು 92 ಮಿ.ಮೀ. ಉದ್ದ, ಬ್ರಿಜ್ ಪಿಕಪ್ ಸುಮಾರು 95. ಎರಡನ್ನೂ ಒಂದೇ ಅಳತೆಯಲ್ಲಿ ಮಾಡುವ ತಯಾರಕರೂ ಇದ್ದಾರೆ. ಸೋಪಿನ ಆಕಾರದವುಗಳಲ್ಲಿ ಇಎಂಜಿಯ 35, 40, 45 ಎಂಬ ಗಾತ್ರಗಳು ಅನುಕ್ರಮವಾಗಿ ಸುಮಾರು 89, 102, 114 ಮಿ.ಮೀ. ಉದ್ದ, ಮೂರೂ ಸುಮಾರು 38 ಅಗಲ. ಉದ್ದ, ಅಗಲ, ಆಳ, ಸ್ಕ್ರೂ ಕಿವಿಗಳ ಜಾಗ, ಪಿಕಪ್ ಮೇಲೆ ಹೊರ ತಂತಿಗಳ ನಡುವಿನ ಅಂತರ ಇಷ್ಟನ್ನೂ ಅಳೆದು ಬರೆದುಕೊಳ್ಳಿ. ಮರ ಕೊರೆಯಬೇಕಾಗುವ ಪಿಕಪ್ ಬೇಡ. ಕೊರೆದ ಮರ ಮತ್ತೆ ಬರುವುದಿಲ್ಲ.

ಕಿಲೋ ಓಮ್ ಹೆಚ್ಚಿದ್ದರೆ ಸದ್ದು ಜೋರು ಎಂದು ನಂಬಿ ಆರಿಸಬೇಡಿ. ಅಷ್ಟೇ ಸುತ್ತುಗಳನ್ನು 42 ಗೇಜ್ ಬದಲು ಇನ್ನೂ ತೆಳುವಾದ 43 ಗೇಜ್ ವೈರ್‌ನಲ್ಲಿ ಸುತ್ತಿದರೆ 7.5 ಇದ್ದದ್ದು 9 ದಾಟುತ್ತದೆ, ಸದ್ದಿನ ಜೋರು ಅದರಿಂದ ಏರುವುದಿಲ್ಲ. ಒಂದೇ ವೈರ್, ಒಂದೇ ಆಕಾರದ ಎರಡು ಪಿಕಪ್ ಹೋಲಿಸುವಾಗ ಮಾತ್ರ ಈ ಅಂಕಿ ಕೆಲಸಕ್ಕೆ ಬರುತ್ತದೆ: ಆಗ ಹೆಚ್ಚು ಎಂದರೆ ಹೆಚ್ಚು ಸುತ್ತು, ಹೆಚ್ಚು ಮಧ್ಯಸ್ವರ, ಕಡಿಮೆ ಹೊಳಪು. ಹಮ್‌ಬಕರ್ (ಗುಂಯ್ ಕಳೆಯುವ ಎರಡು ಕಾಯಿಲ್‌ನ ಪಿಕಪ್) ಆದರೆ ನಾಲ್ಕು ವೈರ್ ಇರುವುದನ್ನೇ ಕೊಳ್ಳಿ. ಕಾಯಿಲ್‌ಗಳನ್ನು ಸರಣಿಯಲ್ಲಿಟ್ಟರೆ ದಪ್ಪ, ಜೋರು. ಸಮಾಂತರದಲ್ಲಿಟ್ಟರೆ ರೋಧ ಕಾಲು ಭಾಗಕ್ಕಿಳಿದು ಸದ್ದು ತಿಳಿಯಾಗುತ್ತದೆ. 1976ರಲ್ಲಿ ಬಂದ ಮ್ಯೂಸಿಕ್ ಮ್ಯಾನ್ ಕಂಪನಿಯ ಸ್ಟಿಂಗ್‌ರೇ ಬೇಸ್‌ನ ಗುಣ ಈ ಸಮಾಂತರ ಜೋಡಣೆಗೆ ಪ್ರಿಆಂಪ್ (ಬೇಸ್ ಒಳಗಿನ ಬ್ಯಾಟರಿಯ ಚಿಕ್ಕ ಆಂಪ್) ಸೇರಿದ್ದರಿಂದ ಬಂದದ್ದು. ಪ್ರಿಆಂಪ್ ಇಲ್ಲದೆ ಆ ಪಿಕಪ್ ಮಾತ್ರ ತಂದರೆ ಸೊರಗಿದ ಸದ್ದು ಕೇಳಿ ನಿರಾಶೆಯಾಗುತ್ತದೆ. ಆ್ಯಕ್ಟಿವ್ ಪಿಕಪ್ ಬೇಕಿದ್ದರೆ ಬ್ಯಾಟರಿಗೆ ಜಾಗ, ಸ್ಟಿರಿಯೊ ಜ್ಯಾಕ್, ಹೊಸ ಪಾಟ್ ಎಲ್ಲ ಸೇರಿಸಿ ಲೆಕ್ಕ ಹಾಕಿ.

ಕೂರಿಸುವಾಗ ಮೊದಲು ತಂತಿಗಳನ್ನು ಸಡಿಲಿಸಿ. ಬಿಗಿಯಾಗಿರುವಾಗ ಕತ್ತರಿಸಿದರೆ ಕಣ್ಣಿಗೆ ಹಾರುತ್ತವೆ. ಹಳೆಯ ಜೋಡಣೆಯ ಫೋಟೊ ತೆಗೆದುಕೊಳ್ಳಿ. ಬೇಸ್‌ನ ಮೈಗೆ ಬಟ್ಟೆ ಹೊದಿಸಿ, ಸೋಲ್ಡರ್ ಹನಿ ಬಿದ್ದರೆ ಬಣ್ಣ ಸುಟ್ಟುಹೋಗುತ್ತದೆ. ರಾಳದ ತಿರುಳಿರುವ ಎಲೆಕ್ಟ್ರಾನಿಕ್ ಸೋಲ್ಡರ್ ಮಾತ್ರ ಬಳಸಿ. ಪೈಪ್ ಬೆಸೆಯುವ ಆಮ್ಲದ ಫ್ಲಕ್ಸ್ ವೈರನ್ನು ತಿಂದುಹಾಕುತ್ತದೆ. ಕಿಟಕಿ ತೆರೆದಿರಲಿ, ಸೀಸವಿರುವ ಸೋಲ್ಡರ್ ಮುಟ್ಟಿದ ಕೈ ತೊಳೆದೇ ಊಟ ಮುಟ್ಟಿ. ಬೆಸೆಯುವ ಮೊದಲು ಮೊಸಳೆ ಕ್ಲಿಪ್‌ಗಳಿಂದ ತಾತ್ಕಾಲಿಕವಾಗಿ ಜೋಡಿಸಿ ‘ಟಕ್’ ಪರೀಕ್ಷೆ, ಚಿಹ್ನೆಯ ಪರೀಕ್ಷೆ ಎರಡನ್ನೂ ಮುಗಿಸಿಬಿಡಿ. ತಪ್ಪಿದ್ದರೆ ಐರನ್ ಬಿಸಿಯಾಗುವ ಮುನ್ನವೇ ಗೊತ್ತಾಗುತ್ತದೆ.

ಎಲ್ಲ ಮುಚ್ಚುವ ಮೊದಲು ಒಂದೊಂದು ಪಿಕಪ್ಪಿನ ಕಿಲೋ ಓಮ್, ಚಿಹ್ನೆ, ಧ್ರುವ, ಅಂದಿನ ದಿನಾಂಕ ಬರೆದ ಚೀಟಿಯನ್ನು ಕಂಟ್ರೋಲ್ ಗುಂಡಿಯ ಮುಚ್ಚಳದ ಒಳಮೈಗೆ ಅಂಟಿಸಿ. ಮುಂದೆ ಎಂದಾದರೂ ಸದ್ದು ಸೊರಗಿದರೆ ಹೋಲಿಸಲು ಬೇಕಾದ ಅಂಕಿ ಅಲ್ಲೇ ಇರುತ್ತದೆ.